ಕಥೋಲಿಕ ಮತದಲ್ಲಿ ಗ್ರಂಥಪ್ರಾಮಾಣ್ಯ ಮತ್ತು ಪರಂಪರೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಸೇರಿದ ಸೂಡಿಯಲ್ಲಿ ದೊರೆತ ಇಮ್ಮಡಿ ಬೂತುಗನ ತಾಮ್ರಪಟಗಳು ವಿದ್ವಾಂಸರಿಗೆ ಸುಪರಿಚಿತವಾದವು. ದೀವಳಾಂಬೆಯು ಕಟ್ಟಿಸಿದ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಶಕವರ್ಷ 860ರ (ಕ್ರಿ.ಶ. 938) ಕಾಲನಿರ್ದೇಶದೊಡನೆ ಅವು ಹೇಳುತ್ತವೆ. ಫ್ಲೀಟರು ಇದನ್ನು ಕೂಟಶಾಸನವೆಂದು ನಿರ್ಣಯಿಸಿದರು. ಶಾಸನದ ಪ್ರಾಮಾಣ್ಯವನ್ನು ಲಿಪಿ, ಕಾಲಗಣನೆ, ವಂಶಾವಳಿಗಳಿಂದ ಒರೆಹಚ್ಚಬಹುದು. ಧರ್ಮಗ್ರಂಥದ ಪ್ರಾಮಾಣ್ಯವನ್ನೂ ಹಾಗೆಯೇ ನಿರ್ಣಯಿಸಲು ಸಾಧ್ಯವೇ? ಈ ಪ್ರಶ್ನೆಗೆ ಕಥೋಲಿಕ ಮತವು ಕೊಡುವ ಉತ್ತರ ಗಮನಾರ್ಹವಾದುದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಗೊಂಡು ಪ್ರಚುರಪಡಿಸಿದ ಬೈಬಲಿನಲ್ಲಿರುವುದು 66 ಗ್ರಂಥಗಳು. ಕಥೋಲಿಕರ ಬೈಬಲಿನಲ್ಲಿ 73. ಹೆಚ್ಚಿನ ಏಳೂ ಹಳೆಯ ಒಡಂಬಡಿಕೆಗೆ ಸೇರಿದವು: ತೊಬಿತ, ಯೂದಿತ, ಜ್ಞಾನಗ್ರಂಥ, ಸಿರಾಕ, ಬಾರೂಕ ಹಾಗೂ ಮಕ್ಕಬಿಯರ ಎರಡು ಗ್ರಂಥಗಳು. ಇವು ಯೆಹೂದ್ಯರ ಹೀಬ್ರೂ ಗ್ರಂಥಗಣದಲ್ಲಿಲ್ಲ; ಪ್ರಾಚೀನ ಗ್ರೀಕ್ ಪಾಠದ ಮೂಲಕ ಕ್ರೈಸ್ತರಿಗೆ ಬಂದವು.

ಪ್ರಾಚೀನ ಪ್ರತಿಗಳನ್ನು ನೋಡಿ ಈ ವಿವಾದವನ್ನು ಮುಗಿಸಬಹುದೆಂದು ಹಸ್ತಪ್ರತಿಶಾಸ್ತ್ರಜ್ಞನಿಗೆ ತೋರುವುದು ಸಹಜ. ಆದರೆ ಪ್ರತಿಗಳೇ ಪರಸ್ಪರ ಒಪ್ಪುವುದಿಲ್ಲ. ನಾಲ್ಕನೆಯ ಶತಮಾನದ ವ್ಯಾಟಿಕನ್ ಪ್ರತಿಯಲ್ಲಿ ಮಕ್ಕಬಿಯರ ಗ್ರಂಥಗಳಿಲ್ಲ. ಐದನೆಯ ಶತಮಾನದ ಅಲೆಕ್ಸಾಂಡ್ರಿಯಾ ಪ್ರತಿಯಲ್ಲಿ ಆ ಹೆಸರಿನ ನಾಲ್ಕು ಗ್ರಂಥಗಳಿದ್ದರೂ ಕಥೋಲಿಕರು ಒಪ್ಪುವುದು ಎರಡನ್ನೇ. ಕುಮ್ರಾನಿನ ಗುಹೆಗಳಲ್ಲಿ ತೊಬಿತ ಗ್ರಂಥದ ಅರಮೈಕ್, ಹೀಬ್ರೂ ತುಣುಕುಗಳು ದೊರೆತದ್ದು ಅದರ ಪ್ರಾಚೀನತೆಗೆ ಸಾಕ್ಷಿ, ಪ್ರಾಮಾಣ್ಯಕ್ಕಲ್ಲ. ಕಥೋಲಿಕರು ಅತ್ಯಂತ ಗೌರವಿಸುವ ವಿದ್ವಾಂಸ ಜೆರೋಮನೇ ಹೀಬ್ರೂವಿನಲ್ಲಿಲ್ಲದ ಗ್ರಂಥಗಳ ವಿಷಯದಲ್ಲಿ ಸಂಶಯ ತಾಳಿದ್ದನು. ಅವನ ಸಮಕಾಲೀನ ಆಗಸ್ಟೀನನು ಅವುಗಳನ್ನು ಸ್ವೀಕರಿಸಿದನು.

ನಿರ್ಣಯ ದೊರೆತದ್ದು ಪರಂಪರೆಯಿಂದ. ಉತ್ತರ ಆಫ್ರಿಕದ ಹಿಪ್ಪೋ (393) ಮತ್ತು ಕಾರ್ಥೇಜ್ (397) ಸಭೆಗಳು ಈ ಗ್ರಂಥಗಳನ್ನು ಎಣಿಕೆಯಲ್ಲಿ ಸೇರಿಸಿದವು. ಲೂಥರನ ಆಕ್ಷೇಪದ ತರುವಾಯ, 1546ರ ಏಪ್ರಿಲ್ 8ರಂದು, ಟ್ರೆಂಟ್ ಮಹಾಸಭೆಯು ಪಟ್ಟಿಯನ್ನು ವಿಧ್ಯುಕ್ತವಾಗಿ ಘೋಷಿಸಿ, ಅಪೊಸ್ತಲರಿಂದ ಬಂದ ಅಲಿಖಿತ ಪರಂಪರೆಗಳಿಗೂ ಗ್ರಂಥಗಳಿಗೂ ಸಮಾನ ಗೌರವವನ್ನು ವಿಧಿಸಿತು. ಹಾಗಾದರೆ ಸಭೆಯೇ ಗ್ರಂಥಕ್ಕೆ ಪ್ರಾಮಾಣ್ಯ ಕೊಟ್ಟಿತೆ? ಇಲ್ಲವೆಂದು 1870ರ ವ್ಯಾಟಿಕನ್ ಸಭೆ ಸ್ಪಷ್ಟಪಡಿಸಿತು: ದೈವಪ್ರೇರಣೆಯಿಂದ ಹುಟ್ಟಿದ್ದರಿಂದಲೇ ಅವು ಪ್ರಮಾಣಗಳು, ಸಭೆಯದು ಗುರುತಿಸುವ ಕಾರ್ಯ. 1965ರ ದ್ವಿತೀಯ ವ್ಯಾಟಿಕನ್ ಸಭೆಯು ಗ್ರಂಥ, ಪರಂಪರೆ ಎರಡೂ ಒಂದೇ ಮೂಲದಿಂದ ಹರಿದುಬಂದವೆಂದೂ ಬೋಧನಾಧಿಕಾರವು ದೇವವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಾಗಿ ಇರುವುದೆಂದೂ ಹೇಳಿತು.

ಆಚಾರ್ಯಪರಂಪರೆಯ ಮಹತ್ವವನ್ನು ಬಲ್ಲ ಜೈನ ಪಂಡಿತರಿಗೆ ಈ ವಾದ ಅಪರಿಚಿತವೇನಲ್ಲ. ಧರಸೇನಾಚಾರ್ಯರಿಂದ ಪುಷ್ಪದಂತ-ಭೂತಬಲಿಗಳಿಗೆ ಬಂದ ಶ್ರುತವೇ ಷಟ್ಖಂಡಾಗಮಕ್ಕೆ ಆಧಾರ. ಮೂಡಬಿದಿರೆಯ ತಾಡವಾಲೆಗಳು ಅದನ್ನು ಉಳಿಸಿದವು. ಆದರೆ ಸಾಮ್ಯವನ್ನು ಅತಿಯಾಗಿ ಎಳೆಯಬಾರದು. ದೇವಪ್ರೇರಣೆ ಎಂಬ ಕಲ್ಪನೆ ಜೈನರಿಗೆ ಸಲ್ಲದು. ಅವರಿಗೆ ಆಗಮದ ಪ್ರಾಮಾಣ್ಯ ನಿಂತಿರುವುದು ವಕ್ತೃವಿನ ಸರ್ವಜ್ಞತೆ, ವೀತರಾಗತೆಗಳ ಮೇಲೆ. ಅಂಗಗಳು ಕಾಲಕ್ರಮದಲ್ಲಿ ಲುಪ್ತವಾದುವೆಂದು ದಿಗಂಬರರು ಒಪ್ಪುತ್ತಾರೆ. ಸಭೆಗೆ ಒಪ್ಪಿಸಲ್ಪಟ್ಟ ದೈವಪ್ರಕಟಣೆಯಲ್ಲಿ ಅಂತಹ ಲೋಪವನ್ನು ಕಥೋಲಿಕರು ಒಪ್ಪಲಾರರು.

ಹಳೆಯ ಬೈಬಲ್ ಪ್ರತಿಗಳಿಗೆ ಸೂಚಿ ಬರೆಯುವವರು ಈ ಏಳು ಗ್ರಂಥಗಳಿದ್ದ ಮಾತ್ರಕ್ಕೆ ಪ್ರತಿಯನ್ನು ಕಥೋಲಿಕವೆಂದು ನಮೂದಿಸಲಾಗದು. ಲೂಥರನ 1534ರ ಜರ್ಮನ್ ಬೈಬಲಿನಲ್ಲಿಯೂ ಇವು ಇವೆ. ಆದರೆ ಅಲ್ಲಿ ಅವುಗಳ ಸ್ಥಾನ ಎರಡು ಒಡಂಬಡಿಕೆಗಳ ನಡುವೆ, ಪ್ರತ್ಯೇಕ ಶೀರ್ಷಿಕೆಯ ಕೆಳಗೆ. ಕಥೋಲಿಕ ಪ್ರತಿಗಳಲ್ಲಿ ಅವು ಹಳೆಯ ಒಡಂಬಡಿಕೆಯ ಗ್ರಂಥಗಳ ಸಾಲಿನಲ್ಲಿಯೇ ಬರುತ್ತವೆ.