ಆಮ್ಲಜನಕಾಧಿಕ ಶ್ವಾಸಮಿಶ್ರಣವೂ ಮುಳುಗುಗಾರರ ಉಪಕರಣಶುದ್ಧಿಯೂ

ಕಡಲಿನಲ್ಲಿ ಮುಳುಗುವವನು ಬೆನ್ನಿನ ಮೇಲೆ ಹೊತ್ತ ಸಿಲಿಂಡರಿನಲ್ಲಿ ಶುದ್ಧ ಆಮ್ಲಜನಕವಿರುತ್ತದೆಂದು ಅನೇಕರು ಭಾವಿಸುವುದುಂಟು. ಸಾಮಾನ್ಯವಾಗಿ ಅದರಲ್ಲಿರುವುದು ಒತ್ತಿ ತುಂಬಿದ ಗಾಳಿ ಮಾತ್ರ. ನೂರಕ್ಕೆ 21 ಪಾಲು ಆಮ್ಲಜನಕ, 78 ಪಾಲು ಸಾರಜನಕ. ಆಳದ ಒತ್ತಡದಲ್ಲಿ ಈ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿ, ಮುಳುಗುಗಾರನು ತ್ವರೆಯಿಂದ ಮೇಲೆದ್ದರೆ ಗುಳ್ಳೆಗಳಾಗಿ ಹೊರಟು ಕೀಲುನೋವಿನಿಂದ ಹಿಡಿದು ಮರಣದವರೆಗೆ ಅನರ್ಥಗಳನ್ನುಂಟುಮಾಡುತ್ತದೆ. ಇದನ್ನು ತಗ್ಗಿಸುವುದಕ್ಕಾಗಿ ಸಾರಜನಕದ ಪಾಲನ್ನು ಇಳಿಸಿ ಆಮ್ಲಜನಕದ ಪಾಲನ್ನು ಏರಿಸಿದ ಮಿಶ್ರಣಕ್ಕೆ ನೈಟ್ರಾಕ್ಸ್ ಎಂದು ಹೆಸರು. ಅಮೆರಿಕದ ಸರ್ಕಾರದ ಸಾಗರಶೋಧ ಸಂಸ್ಥೆಯಲ್ಲಿ ಮಾರ್ಗನ್ ವೆಲ್ಸ್ ಎಂಬ ವಿಜ್ಞಾನಿಯು 1970ರ ದಶಕದಲ್ಲಿ ನೂರಕ್ಕೆ 32 ಪಾಲಿನ ಮಿಶ್ರಣವನ್ನು ಬಳಕೆಗೆ ತಂದನು; 1985ರಲ್ಲಿ ಡಿಕ್ ರುಟ್ಕೋವ್ಸ್ಕಿಯು ಅದನ್ನು ವಿನೋದಕ್ಕಾಗಿ ಮುಳುಗುವವರಿಗೂ ಕಲಿಸಲಾರಂಭಿಸಿದನು.

ಆಮ್ಲಜನಕವೂ ಒತ್ತಡದಲ್ಲಿ ವಿಷವಾಗುವುದೆಂಬುದನ್ನು ಫ್ರಾನ್ಸಿನ ಪಾಲ್ ಬರ್ಟ್ 1878ರಲ್ಲಿಯೇ ತೋರಿಸಿದ್ದನು. ಆದುದರಿಂದ 32 ಪಾಲಿನ ಮಿಶ್ರಣದೊಡನೆ ಸುಮಾರು 33 ಮೀಟರಿಗಿಂತ ಕೆಳಗೆ ಇಳಿಯಬಾರದೆಂದು ಕಟ್ಟಳೆಯುಂಟು. ಇದನ್ನು ಕಲಿತವರೆಲ್ಲರೂ ಬಲ್ಲರು. ಅಷ್ಟಾಗಿ ಲಕ್ಷ್ಯಕ್ಕೆ ಬಾರದಿರುವ ಅಪಾಯವು ನೀರಿನೊಳಗಲ್ಲ, ದಡದ ಮೇಲೆ, ಸಿಲಿಂಡರನ್ನು ತುಂಬುವ ಕೊಠಡಿಯಲ್ಲಿ ಇದೆ. ಅದು ಬೆಂಕಿಯ ಅಪಾಯ.

ಆಮ್ಲಜನಕವೆಂಬ ಹೆಸರು ಲವಾಸಿಯೇ ಇಟ್ಟ ಹೆಸರಿನ ಭಾಷಾಂತರ. ಆಮ್ಲಗಳೆಲ್ಲಕ್ಕೂ ಅದೇ ಕಾರಣವೆಂಬ ಅವನ ತಪ್ಪೆಣಿಕೆಯೂ ಅದರೊಡನೆ ಕನ್ನಡಕ್ಕೆ ಬಂದಿತು. ಪ್ರಾಣವಾಯು ಎಂಬ ಇನ್ನೊಂದು ಹೆಸರು ಇಂಪಾಗಿದ್ದರೂ, ಆ ವಾಯುವು ಪ್ರಾಣವನ್ನು ಪೋಷಿಸುವಂತೆಯೇ ಅಗ್ನಿಯನ್ನೂ ಪೋಷಿಸುವುದೆಂಬುದನ್ನು ಮರೆಮಾಡುತ್ತದೆ. ಆಮ್ಲಜನಕವು ತಾನಾಗಿ ಉರಿಯತಕ್ಕದ್ದಲ್ಲ. ಆದರೆ ಗಾಳಿಯಲ್ಲಿ ಸುಲಭವಾಗಿ ಹೊತ್ತಿಕೊಳ್ಳದ ರಬ್ಬರು, ಎಣ್ಣೆ, ಧೂಳು, ಕೆಲವು ಲೋಹಗಳು ಕೂಡ ಒತ್ತಡದ ಶುದ್ಧ ಆಮ್ಲಜನಕದಲ್ಲಿ ಭಗ್ಗನೆ ಉರಿಯುತ್ತವೆ.

ಬೆಂಕಿಯ ಕಡ್ಡಿಯನ್ನು ಗೀರದೆಯೇ ಕಿಡಿ ಹುಟ್ಟುವುದೆಂತು? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಯಾರು ತಾನೆ ಕಂಡಿಲ್ಲ? ವಾಯುವನ್ನು ಶೀಘ್ರವಾಗಿ ಒತ್ತಿದರೆ ಶಾಖವು ಹೊರಹೋಗಲು ಸಮಯ ಸಾಲದೆ ಅದರಲ್ಲಿಯೇ ಉಳಿಯುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನ ಆಮ್ಲಜನಕವನ್ನು 1 ಬಾರ್‌ನಿಂದ 200 ಬಾರ್‌ಗೆ, ಎಳ್ಳಷ್ಟೂ ಶಾಖ ಸೋರದಂತೆ ಒತ್ತಿದರೆ, ಲೆಕ್ಕದ ಪ್ರಕಾರ ಅದು 1000 ಡಿಗ್ರಿಯನ್ನೂ ಮೀರಿ ಕಾಯಬೇಕು. ವಾಸ್ತವದಲ್ಲಿ ಕೊಳವೆಯ ಗೋಡೆಗಳು ಶಾಖವನ್ನು ಹೀರುವುದರಿಂದ ಅಷ್ಟು ಏರದು. ಆದರೂ ವಾಲ್ವನ್ನು ಥಟ್ಟನೆ ತಿರುಗಿಸಿದಾಗ ವಾಯುವು ನುಗ್ಗಿ ಮುಚ್ಚಿದ ಕೊನೆಗೆ ಬಡಿಯುವೆಡೆಯಲ್ಲಿ, ಅಲ್ಲಿ ಅಂಟಿಕೊಂಡ ಎಣ್ಣೆಯ ತೆಳುಪೊರೆ ಹೊತ್ತಿಕೊಳ್ಳುವಷ್ಟು ಕಾವು ಏಳಬಲ್ಲುದು. ಆ ಪೊರೆ ಹೊತ್ತಿದರೆ ಅದು ರಬ್ಬರಿನ ಬಳೆಗೂ, ಬಳೆ ಲೋಹಕ್ಕೂ ಉರಿಯನ್ನು ದಾಟಿಸುತ್ತದೆ. ವಾಯುವೇಗದಿಂದ ಹಾರಿ ಬಡಿಯುವ ಲೋಹದ ಅರಪುಡಿಯೂ ಕಿಡಿಯಾಗಬಲ್ಲುದು. ಆದುದರಿಂದಲೇ ಅಮೆರಿಕದ 1977ರ ವೃತ್ತಿನಿಯಮಗಳು, ಚದರಂಗುಲಕ್ಕೆ 125 ಪೌಂಡನ್ನು ಮೀರಿದ ಆಮ್ಲಜನಕದ ಏರ್ಪಾಡುಗಳಲ್ಲಿ ಮೆಲ್ಲನೆ ತೆರೆಯುವ ವಾಲ್ವುಗಳೇ ಇರಬೇಕೆಂದು ವಿಧಿಸಿದವು.

ಅದೇ ನಿಯಮಗಳು ನೂರಕ್ಕೆ 40 ಪಾಲಿಗಿಂತ ಹೆಚ್ಚು ಆಮ್ಲಜನಕವು ತಾಗುವ ಭಾಗಗಳಿಂದ ಉರಿಯುವ ಕಶ್ಮಲವನ್ನೆಲ್ಲ ತೊಳೆದು ತೆಗೆಯಬೇಕೆಂದೂ ಹೇಳುತ್ತವೆ. ಮುಳುಗುಗಾರರಲ್ಲಿ ಈ 40ರ ಗೆರೆಯನ್ನು ತಪ್ಪಾಗಿ ತಿಳಿಯುವವರು ಬಹಳ. ತಮ್ಮ ಸಿಲಿಂಡರಿನಲ್ಲಿರುವುದು 32 ಪಾಲಷ್ಟೆ, ಆದುದರಿಂದ ಶುದ್ಧಿ ಬೇಡವೆಂಬುದು ಅವರ ವಾದ. ಕಂಪ್ರೆಸರಿಗೆ ಹೋಗುವ ಮುನ್ನವೇ ಮಿಶ್ರಮಾಡಿದ ವಾಯುವನ್ನು ತುಂಬಿದ್ದಾದರೆ ವಾದವು ಹೆಚ್ಚುಕಡಮೆ ನಿಲ್ಲಬಹುದು. ಆದರೆ ಅನೇಕ ಕಡೆಗಳಲ್ಲಿ ಮೊದಲು ಶುದ್ಧ ಆಮ್ಲಜನಕವನ್ನು ಬಿಟ್ಟು, ಅದರ ಮೇಲೆ ಗಾಳಿಯನ್ನು ಒತ್ತುವುದು ರೂಢಿ. 200 ಬಾರ್‌ನಷ್ಟು 32 ಪಾಲಿನ ಮಿಶ್ರಣ ಬೇಕಾದರೆ ಬರಿಯ ಸಿಲಿಂಡರಿಗೆ ಮೊದಲು ಸುಮಾರು 28 ಬಾರ್ ಆಮ್ಲಜನಕ ಹೋಗಬೇಕು. ಅಷ್ಟು ಹೊತ್ತೂ ವಾಲ್ವಿಗೂ ಸಿಲಿಂಡರಿಗೂ ತಾಗಿರುವುದು 32 ಪಾಲಿನದಲ್ಲ, ನೂರು ಪಾಲಿನದು. ಗೆರೆಯನ್ನು ಎಳೆಯಬೇಕಾದುದು ಕಡೆಯ ಮಿಶ್ರಣವನ್ನು ನೋಡಿ ಅಲ್ಲ, ವಾಯು ಹಾದುಬಂದ ದಾರಿಯನ್ನು ನೋಡಿ.

ಶುದ್ಧಿಯೆಂದರೆ ಕಣ್ಣಿಗೆ ಹೊಳೆಯುವಂತೆ ಉಜ್ಜುವುದಲ್ಲ. ಭಾಗಗಳನ್ನೆಲ್ಲ ಬಿಚ್ಚಿ ತಕ್ಕ ಮಾರ್ಜಕದಲ್ಲಿ ತೊಳೆದು, ಜಿಡ್ಡು ಉಳಿದಿಲ್ಲವೆಂದು ಪರೀಕ್ಷಿಸಿ, ಆಮ್ಲಜನಕಕ್ಕೆ ಒಗ್ಗುವ ಫ್ಲೋರಿನ್‌ಯುಕ್ತ ರಬ್ಬರಿನ ಬಳೆಗಳನ್ನು ಹಾಕುವುದು ವಾಡಿಕೆ. ರೆಗ್ಯುಲೇಟರಿಗೆ ದಿನವೂ ಬಳಸುವ ಸಿಲಿಕೋನ್ ಗ್ರೀಸು ಇಲ್ಲಿ ಸಲ್ಲದು. ಫ್ಲೋರಿನ್‌ಯುಕ್ತ ಗ್ರೀಸೇ ಬೇಕು. ಹಿತ್ತಾಳೆ ಉರಿಗೆ ಸುಲಭವಾಗಿ ಒಳಗಾಗದು. ಹಗುರವೆಂದು ಹೊಗಳಲ್ಪಡುವ ಟೈಟೇನಿಯಮ್ ಲೋಹವಾದರೋ ಆಮ್ಲಜನಕದಲ್ಲಿ ಬಲವಾಗಿ ಉರಿಯುತ್ತದೆ.

ಇಷ್ಟು ಮಾಡಿದ ಮೇಲೂ ಶುದ್ಧಿಯು ಶಾಶ್ವತವಲ್ಲ. ಉಸಿರಾಟಕ್ಕೆ ಯೋಗ್ಯವೆನಿಸಿದ ಸಾಧಾರಣ ಗಾಳಿಯಲ್ಲಿ ಘನಮೀಟರಿಗೆ 5 ಮಿಲಿಗ್ರಾಮಿನವರೆಗೆ ಎಣ್ಣೆಯ ಅಂಶವನ್ನು ಅಮೆರಿಕದ ಮಾನದಂಡವು ಒಪ್ಪುತ್ತದೆ; ಆಮ್ಲಜನಕದೊಡನೆ ಬೆರೆಸುವ ಗಾಳಿಯಲ್ಲಿಯೋ 0.1 ಮಿಲಿಗ್ರಾಮನ್ನು ಮೀರಬಾರದೆಂಬುದು ಮಿಶ್ರಣಕಾರರ ಪದ್ಧತಿ. ಶ್ವಾಸಕೋಶವು ಸಹಿಸುವ ಎಣ್ಣೆಯನ್ನು ಆಮ್ಲಜನಕವು ಸಹಿಸದು. ಶುದ್ಧವಾದ ಸಿಲಿಂಡರಿಗೆ ಒಮ್ಮೆ ಸಾಧಾರಣ ಕಂಪ್ರೆಸರಿನ ಗಾಳಿಯನ್ನು ತುಂಬಿದರೆ, ಅದನ್ನು ಮತ್ತೆ ಬಿಚ್ಚಿ ತೊಳೆಯುವ ತನಕ ಅಶುದ್ಧವೆಂದೇ ಎಣಿಸಿ, ಅದರ ಮೈಮೇಲಿನ ಶುದ್ಧಿಯ ಚೀಟಿಯನ್ನು ಕಿತ್ತುಹಾಕತಕ್ಕದ್ದು.