ಒಂದು ಕೆಮ್ಮು, ಇಬ್ಬರು ಕಳ್ಳರು

ಕೈವಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕೋರನ್ನ ಕೇಳಿ ನೋಡಿ. ಸಪ್ಪೆ ರೋಗ ಬೇರೆ, ಸುಣ್ಣಕಟ್ಟು ರೋಗ ಬೇರೆ ಅಂತಾರೆ. ಮೊದಲನೆಯದರಲ್ಲಿ ಬ್ಯಾಕ್ಟೀರಿಯಾ ಕೈವಾಡ; ಎರಡನೆಯದು ಬೂಷ್ಟು, ಅಂದ್ರೆ ಫಂಗಸ್. ಒಂದರ ಮದ್ದು ಇನ್ನೊಂದಕ್ಕೆ ನಾಟೋದಿಲ್ಲ. ಹುಳುವಿನ ವಿಷಯದಲ್ಲಿ ಇಷ್ಟು ಹುಷಾರಾಗಿರೋ ನಾವು, ಮಗುವಿನ ಕೆಮ್ಮಿಗೆ ಮಾತ್ರ ಒಂದೇ ಔಷಧಿ ಹಿಡಿದು ಕೂರ್ತೀವಲ್ಲ, ಯಾಕೆ?

ನಾನಿವತ್ತು ಹೇಳೋದು ಸಿಸ್ಟಿಕ್ ಫೈಬ್ರೋಸಿಸ್ ಬಗ್ಗೆ. ಹುಟ್ಟಿನಿಂದಲೇ ಬರೋ ಕಾಯಿಲೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಮಗುವಿಗೆ ಸೇರಿದರೆ ಬರುತ್ತೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದೊಳಗೇ ಮದುವೆ ಮಾಡೋ ನಮ್ಮ ಕಡೆ ಇದು ಸಣ್ಣ ಮಾತಲ್ಲ. 1989ರಲ್ಲೇ ಜೀನ್ ಪತ್ತೆಯಾಯ್ತು. ಆದರೂ ಇದು ಬಿಳಿಯರ ಕಾಯಿಲೆ ಅಂತ ನಂಬಿ ಇಲ್ಲಿ ಯಾರೂ ಸರಿಯಾಗಿ ಹುಡುಕಲಿಲ್ಲ. ಎಷ್ಟೋ ಮಕ್ಕಳಿಗೆ ಟಿಬಿ ಅಂತಲೇ ಮಾತ್ರೆ ಕೊಟ್ಟಿದ್ದಾಯ್ತು.

ಒಳಗೆ ಆಗೋದೇನು? ಜೀವಕೋಶದಲ್ಲಿ ಉಪ್ಪು ಹಾದುಹೋಗೋ ಬಾಗಿಲು ಕೆಟ್ಟಿರುತ್ತೆ. ಶ್ವಾಸಕೋಶದ ಕಫ ಗೋಂದಿನ ಹಾಗೆ ಅಂಟುತ್ತೆ. ಅದರಲ್ಲಿ ಸುಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಸುತ್ತ ಲೋಳೆ ಗೋಡೆ ಕಟ್ಟಿಕೊಂಡು ಮನೆ ಮಾಡುತ್ತೆ. ಅದೇ ಮನೆಗೆ ಆಸ್ಪರ್ಜಿಲಸ್ ಅನ್ನೋ ಫಂಗಸ್ಸೂ ಸೇರಿಕೊಳ್ಳುತ್ತೆ. ಒದ್ದೆಯಾದ ಬಣವೆ, ತಿಪ್ಪೆ ಕೆದಕಿದಾಗ ಏಳೋ ಧೂಳಲ್ಲಿ ಇದರ ಕಣ ಇರುತ್ತೆ. ನಾವೂ ದಿನಾ ಉಸಿರಾಡ್ತೀವಿ, ನಮ್ಮ ಕಫ ಅದನ್ನ ಹೊರಗೆ ತಳ್ಳುತ್ತೆ. 2021ರ ಬ್ಲ್ಯಾಕ್ ಫಂಗಸ್ ಅಲ್ಲ ಇದು. (ಆಗ ನಾವು ಟಿವಿಯವರು ಎಷ್ಟು ಕೂಗಾಡಿದ್ವಿ ಅಂತ ನಿಮಗೇ ಗೊತ್ತು.)

ಡಾಕ್ಟರಿಗೂ ಇಕ್ಕಟ್ಟು. ಆಂಟಿಬಯೋಟಿಕ್ ಫಂಗಸ್ಸನ್ನ ಮುಟ್ಟಲ್ಲ. ಫಂಗಸ್ ಅಲರ್ಜಿ ಕೆರಳಿಸಿದರೆ ಸ್ಟಿರಾಯ್ಡ್ ಬೇಕಾಗುತ್ತೆ, ಸ್ಟಿರಾಯ್ಡ್ ಕೊಟ್ಟರೆ ಸೋಂಕು ತಡೆಯೋ ಶಕ್ತಿ ಕುಗ್ಗುತ್ತೆ. ಕಫದಲ್ಲಿ ಫಂಗಸ್ ಸಿಕ್ಕ ಮಾತ್ರಕ್ಕೆ ಔಷಧಿ ಕೊಡಲೇಬೇಕು ಅಂತಲೂ ಇಲ್ಲ. ಅದಕ್ಕೇ ಕಫದ ಕಲ್ಚರ್ ಎರಡಕ್ಕೂ ಆಗಬೇಕು, ರಕ್ತದಲ್ಲಿ ಐಜಿಇ ಎಷ್ಟಿದೆ ನೋಡಬೇಕು.

ತಾಯಂದಿರೇ, ಮಗುವಿಗೆ ಮುತ್ತು ಕೊಟ್ಟಾಗ ತುಟಿಗೆ ಉಪ್ಪುಪ್ಪಾಗುತ್ತಾ? ಬೇಸಿಗೆಯಲ್ಲಿ ಹಣೆ ಮೇಲೆ ಉಪ್ಪು ಬಿಳಿಚಿಕೊಳ್ಳುತ್ತಾ? ಎಣ್ಣೆಎಣ್ಣೆ ಮಲ, ಏರದ ತೂಕ, ಬಿಡದ ಕೆಮ್ಮು ಇದೆಯಾ? ಬೆಂಗಳೂರಿನ ದೊಡ್ಡ ಮಕ್ಕಳ ಆಸ್ಪತ್ರೆಗೆ ಹೋಗಿ ಬೆವರಿನ ಪರೀಕ್ಷೆ ಕೇಳಿ. ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಮುಟ್ಟಿದರೆ ಅನುಮಾನ ಗಟ್ಟಿ. ಟಿಬಿ ಮಾತ್ರೆ ನಡೀತಿದ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ.