ವುಡ್‌ವರ್ಡ್ ರಸ್ತೆಯ ಹಸಿರು ಜಿಟಿಒ

ಟಾರ್ಪಾಲು ಎಳೆದಾಗ ಮೊದಲು ಹೊರಬಂದದ್ದು ಇಲಿಗೂಡಿನ ವಾಸನೆ. ಆಮೇಲೆ ಷೆಡ್ಡಿನ ಬಾಗಿಲಿನಿಂದ ಓರೆಯಾಗಿ ಬಿದ್ದ ಸಂಜೆ ಬಿಸಿಲಿಗೆ, ಧೂಳಿನಡಿಯಿಂದ ಹಸಿರು ಮೂಗೊಂದು ಕಾಣಿಸಿತು. 1968ರ ಪಾಂಟಿಯಾಕ್ ಜಿಟಿಒ. ಆ ಬಣ್ಣಕ್ಕೆ ಕಂಪನಿಯಿಟ್ಟ ಹೆಸರು ವರ್ಡೊರೊ. ನನಗೆ ನೆನಪಾದದ್ದು ಮಳೆ ತೊಳೆದ ಅಡಿಕೆ ಸೋಗೆ.

‘ಮುಂದೆ ಬಂಪರೇ ಇಲ್ಲವಲ್ಲ?’ ಎಂದೆ. ನೆರೆಮನೆಯವರು ನಕ್ಕು ಆ ಮೂಗಿಗೇ ಒಂದು ಗುದ್ದು ಕೊಟ್ಟರು. ‘ಇದೇ ಬಂಪರ್.’ ಆ ವರ್ಷ ಕ್ರೋಮ್ ಬಿಟ್ಟು, ಎಂಡ್ಯುರಾ ಎಂಬ ರಬ್ಬರಿನಂಥ ವಸ್ತುವಿನಿಂದ ಇಡೀ ಮೂತಿಯನ್ನೇ ಮಾಡಿ ಮೈಬಣ್ಣ ಬಳಿದಿದ್ದರು. ಮಿಶಿಗನ್‌ನಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಉಳಿದ ಮೈಯನ್ನೆಲ್ಲ ತಿಂದಿತ್ತು. ಮೂತಿ ಮಾತ್ರ ಹಾಗೇ ಇತ್ತು. ಹಿಂಚಕ್ರದ ಮೇಲಿನ ತಗಡಿಗೆ ಅವರು ಅಯಸ್ಕಾಂತ ಹಿಡಿದರು. ಅದು ಕಚ್ಚಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಅಲ್ಲಿದ್ದದ್ದು ಬರೀ ಪುಟ್ಟಿ.

ತೀರಿಕೊಂಡ ಅವರ ಅಪ್ಪನಿಂದ ಬಂದ ಕಾರು ಅದು. ಅಪ್ಪ ಪಾಂಟಿಯಾಕ್ ಊರಿನ ಕಾರ್ಖಾನೆಯಲ್ಲೇ ದುಡಿದವರು. ಡೆಟ್ರಾಯಿಟ್‌ನಿಂದ ಆ ಊರಿಗೆ ಹೋಗುವ ವುಡ್‌ವರ್ಡ್ ರಸ್ತೆ ನಮ್ಮ ಮನೆಗಳಿಂದ ಎರಡೇ ಬೀದಿ ದೂರ. ಅರವತ್ತರ ದಶಕದಲ್ಲಿ ರಾತ್ರಿಯಾದರೆ ಹುಡುಗರು ಅಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಪಂದ್ಯ ಕಟ್ಟುತ್ತಿದ್ದರು. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಇಟ್ಟು 1964ರಲ್ಲಿ ಜಾನ್ ಡಿಲೋರಿಯನ್ ಮತ್ತವರ ಸಂಗಡಿಗರು ಹೊರತಂದ ಜಿಟಿಒದಿಂದಲೇ ‘ಮಸಲ್ ಕಾರು’ಗಳ ಭರಾಟೆ ಶುರುವಾದದ್ದು. ವಿಮೆಯ ಕಂತು ಏರಿತು, ಹೊಗೆಯ ಕಾನೂನು ಬಂತು, 1973ರಲ್ಲಿ ತೈಲದ ಬರ ಬಂತು. ಆ ಭರಾಟೆ ಹತ್ತು ವರ್ಷವೂ ಬಾಳಲಿಲ್ಲ. 2010ರಲ್ಲಿ ಪಾಂಟಿಯಾಕ್ ಹೆಸರೇ ಮುಗಿಯಿತು.

ಆ ಚಳಿಗಾಲವೆಲ್ಲ ನಾನು ದೀಪ ಹಿಡಿದು ನಿಂತವನು. ಎಂಜಿನ್ ಜಾಮ್ ಆಗಿತ್ತು. ನೆರೆಮನೆಯವರು ಒಂದೊಂದು ಸಿಲಿಂಡರಿಗೂ ಎಣ್ಣೆ ಬಿಟ್ಟು ವಾರಗಟ್ಟಲೆ ಕಾದರು. ಒಂದು ರಾತ್ರಿ ಬ್ಲಾಕಿನ ಮುಂಭಾಗದ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು. 1968ರಿಂದ ಎಂಜಿನ್ ಮೇಲೂ ಕಾರಿನ ನಂಬರಿನ ತುಣುಕನ್ನು ಒತ್ತುತ್ತಿದ್ದರು. ಮೊದಲ ಅಂಕೆ 2 ಎಂದರೆ ಪಾಂಟಿಯಾಕ್, ಎರಡನೆಯದು ವರ್ಷ. ಅಲ್ಲಿ 8 ಇರಬೇಕಿತ್ತು. ಇದ್ದದ್ದು ಸೊನ್ನೆ. 1970ರ ಎಂಜಿನ್!

ಕೊಳ್ಳುವವರ ಲೆಕ್ಕದಲ್ಲಿ ಇದು ದೊಡ್ಡ ಊನ. ಮೈಯ ನಂಬರೂ ಎಂಜಿನ್ನಿನ ನಂಬರೂ ಕೂಡಿಬರದಿದ್ದರೆ ಬೆಲೆ ಬಿದ್ದುಹೋಗುತ್ತದೆ. ನೆರೆಮನೆಯವರನ್ನು ಕಾಡಿದ್ದು ಬೇರೆಯದು. ‘ನಮ್ಮಪ್ಪ ಯಾವತ್ತೂ ವೇಗದ ಮಿತಿ ದಾಟಿದವರಲ್ಲ. ನಾನು ಜೋರಾಗಿ ಓಡಿಸಿದರೆ ಕೀಲಿಕೈ ಕಿತ್ತಿಟ್ಟುಕೊಳ್ಳುತ್ತಿದ್ದರು. ಅಂಥವರ ಎಂಜಿನ್ ಎರಡೇ ವರ್ಷಕ್ಕೆ ಹೇಗೆ ಹೋಯಿತು?’

ಉತ್ತರ ಅಡುಗೆಮನೆಯಲ್ಲಿತ್ತು. ಎಂಬತ್ತು ದಾಟಿದ ಅವರ ತಾಯಿ ಮೇಜಿನೆದುರು ಕೂತು ಬಟಾಣಿ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆಯೇ ಹೇಳಿದರು: ‘ವುಡ್‌ವರ್ಡ್‌ನಲ್ಲಿ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನು ಸೀಳಿಕೊಂಡು ಆಚೆ ಬಂತು. ನಾನು ಪಕ್ಕದ ಸೀಟಿನಲ್ಲೇ ಇದ್ದೆನಲ್ಲ.’ ಸ್ವಲ್ಪ ಹೊತ್ತು ಬಿಟ್ಟು, ‘ಗೆಲ್ಲುತ್ತಿದ್ದೆವು’ ಎಂದರು. ಬಾನೆಟ್ ಮೇಲೊಂದು ಮೀಟರ್ ಇತ್ತೆಂದೂ, ಗಾಜಿನಾಚೆ ಅದರ ಮುಳ್ಳು ಏರುವುದನ್ನೇ ತಾನು ನೋಡುತ್ತಿದ್ದೆನೆಂದೂ ಹೇಳಿದರು.

ಬಾನೆಟ್ ಮೇಲೆ ಈಗ ಪುಟ್ಟಿ ಮೆತ್ತಿ ಮುಚ್ಚಿದ ತೂತು ಮಾತ್ರ ಇತ್ತು. ಎಂಜಿನ್ ನಿಮಿಷಕ್ಕೆಷ್ಟು ಸುತ್ತುತ್ತದೆಂದು ತೋರಿಸುವ ಟ್ಯಾಕೋಮೀಟರನ್ನು ಡ್ಯಾಶ್‌ಬೋರ್ಡಿನಲ್ಲಿಡದೆ ಹೊರಗೆ, ಚಾಲಕನ ಕಣ್ಣ ನೇರಕ್ಕೆ ಕೂರಿಸುವುದು ಪಾಂಟಿಯಾಕ್‌ನ ಷೋಕಿಯಾಗಿತ್ತು. ಮಳೆ ಹಿಮ ಬಿಸಿಲೆಲ್ಲ ಅದರ ತಲೆ ಮೇಲೇ.

ಅಂಥದ್ದೊಂದನ್ನು ಹುಡುಕಿಕೊಂಡು ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ಗೆ ಹೊರಟೆವು. ಅಲ್ಲಿನ ಮೈದಾನದಲ್ಲಿ ಪ್ರತಿವರ್ಷ ಹಳೆ ಕಾರುಗಳ ಬಿಡಿಭಾಗದ ಜಾತ್ರೆ. ಒದ್ದೆ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಸಿ ಬಾಗಿಲ ಹಿಡಿಗಳು, ಕಾರ್ಬ್ಯುರೇಟರುಗಳು, ಐವತ್ತು ವರ್ಷ ಒಡೆಯದ ಡಬ್ಬಿಗಳಲ್ಲಿ ಮಲಗಿದ ಹೊಸ ದೀಪಗಳು. ಮಾರುವವರು ಮಡಿಸುವ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿರುತ್ತಾರೆ. ಯಾವ ಸ್ಕ್ರೂ ಯಾವ ತಿಂಗಳವರೆಗೆ ಬಂತೆಂದು ಬಾಯಲ್ಲೇ ಹೇಳುತ್ತಾರೆ. ಆ ಜ್ಞಾನದ ಮುಂದೆ ನನಗೆ ನಿಜಕ್ಕೂ ಗೌರವ ಮೂಡಿತು. ಒಬ್ಬರ ಬಳಿ 1968ರ ಬ್ಲಾಕೇ ಇತ್ತು. ನೆರೆಮನೆಯವರು ಬಗ್ಗಿ ಎರಕದ ತಾರೀಖು ಓದಿದರು. ಡಿಸೆಂಬರ್ 1967, ಅಪ್ಪನ ಕಾರಿಗೆ ಸರಿಯಾಗಿ ಹೊಂದುವ ತಿಂಗಳು. ಬೆಲೆ ಕೇಳಲಿಲ್ಲ. ಬ್ಲಾಕಿನ ಮೇಲೆ ಒಮ್ಮೆ ಅಂಗೈ ಆಡಿಸಿ ಮುಂದಕ್ಕೆ ನಡೆದರು.

ಟ್ಯಾಕೋಮೀಟರ್ ಸಿಕ್ಕಿದ್ದು ಎರಡನೇ ದಿನ ಮಧ್ಯಾಹ್ನ, ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯೊಂದರ ತಳದಲ್ಲಿ. ಗಾಜು ಬಿರಿದಿತ್ತು, ಮುಳ್ಳಿನ ಕಿತ್ತಳೆ ಬಣ್ಣ ಮಾಸಿತ್ತು. ಹೊಸ ಅಚ್ಚಿನದು ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ. ಆದರೂ ಚೌಕಾಸಿ ಮಾಡದೆ ಕೊಂಡರು.

ಆಗಸ್ಟ್‌ನ ಒಂದು ಸಂಜೆ ತಾಯಿಯನ್ನು ಕೈಹಿಡಿದು ತಂದು ಪಕ್ಕದ ಸೀಟಿನಲ್ಲಿ ಕೂರಿಸಿದರು. ಎಂಜಿನ್ ಮೂರನೇ ಸಲಕ್ಕೆ ಹತ್ತಿಕೊಂಡಿತು. ಷೆಡ್ಡಿನ ತಗಡೆಲ್ಲ ಗದಗುಟ್ಟಿತು. ಬಾನೆಟ್ ಮೇಲಿನ ಪುಟ್ಟ ದೀಪ ಬೆಳಗಿ ಮುಳ್ಳು ನಡುಗುತ್ತಾ ಎದ್ದಿತು. ತಾಯಿ ಕುತ್ತಿಗೆ ಮುಂದೆ ಚಾಚಿ, ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡುತ್ತಿದ್ದರು.

‘ಇನ್ನೂ ಸ್ವಲ್ಪ ಒತ್ತು’ ಎಂದರು ಮಗನಿಗೆ.